ಎರಡು ಕೊಳಗಗಳ ರಾಜಕಾರಣ: ಮೂರೂ ಪಕ್ಷಗಳ ರಾಜ್ಯಾಧ್ಯಕ್ಷರಿಗೆ ಬಹಿರಂಗ ಪತ್ರ

ಕಾಂಗ್ರೆಸ್, ಭಾರತೀಯ ಜನತಾ ಪಕ್ಷ ಹಾಗೂ ಜಾತ್ಯತೀತ ಜನತಾ ದಳದ ಕರ್ನಾಟಕ ರಾಜ್ಯಾಧ್ಯಕ್ಷರಿಗೆ, ಸಾಗರ ತಾಲ್ಲೂಕಿನ ಒಬ್ಬ ಮತದಾರನ ನಮಸ್ಕಾರಗಳು.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಶಾಸಕರು ಈ ಪಕ್ಷದಿಂದ ಆ ಪಕ್ಷಕ್ಕೆ ಇಷ್ಟು ಸಲೀಸಾಗಿ ಹೋಗಿಬರುತ್ತಿರುವಾಗ ಮೂರು ಬೇರೆ ಬೇರೆ ಲಕೋಟೆಗಳಿಗೆ ಅಂಚೆಚೀಟಿ ಹಚ್ಚುವುದು ದಂಡ.

ಪ್ರತಿ ಚುನಾವಣೆಯ ಫಲಿತಾಂಶ ಬಂದ ಸಂಜೆ ನಿಮ್ಮಲ್ಲಿ ಸೋತವರು ಪತ್ರಿಕಾಗೋಷ್ಠಿ ಕರೆದು 'ಆಡಳಿತ ವಿರೋಧಿ ಅಲೆ ಇತ್ತು' ಎನ್ನುತ್ತೀರಿ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು ಎದ್ದ ಅಲೆಯೇನೋ, ಅದರಲ್ಲಿ ನಿಮ್ಮ ಪಾತ್ರ ಏನೂ ಇರಲಿಲ್ಲವೇನೋ ಎಂಬ ಧಾಟಿಯಲ್ಲಿ. ಲೆಕ್ಕವನ್ನೊಮ್ಮೆ ನೋಡಿ. 1985ರ ನಂತರ ಈ ರಾಜ್ಯದಲ್ಲಿ ಎಂಟು ವಿಧಾನಸಭಾ ಚುನಾವಣೆಗಳು ನಡೆದಿವೆ. ಒಂದರಲ್ಲೂ ಆಳುತ್ತಿದ್ದ ಪಕ್ಷ ಸ್ವಂತ ಬಹುಮತದೊಂದಿಗೆ ಮರಳಿ ಬಂದಿಲ್ಲ. ಬರದ ವರ್ಷವೂ ಬಂದಿಲ್ಲ, ಕೆರೆಗಳು ಕೋಡಿ ಬಿದ್ದ ವರ್ಷವೂ ಬಂದಿಲ್ಲ. ಅನ್ನಭಾಗ್ಯ ಕೊಟ್ಟ ಕಾಂಗ್ರೆಸ್ 2013ರ 122 ಸ್ಥಾನಗಳಿಂದ 2018ರಲ್ಲಿ 80ರ ಆಸುಪಾಸಿಗೆ ಇಳಿಯಿತು. ಆ ವರ್ಷ 104 ಗೆದ್ದಿದ್ದ ಬಿಜೆಪಿ 2023ರಲ್ಲಿ 66ಕ್ಕೆ ಬಂತು. ದಳವಂತೂ 37ರಿಂದ 19ಕ್ಕೆ. ಸುಮಾರು ನಾಲ್ಕು ದಶಕಗಳಿಂದ ನಾವು ಯಾರನ್ನೂ ಮೆಚ್ಚಿ ಉಳಿಸಿಕೊಂಡಿಲ್ಲ. ಒಬ್ಬರ ಮೇಲಿನ ಸಿಟ್ಟಿಗೆ ಇನ್ನೊಬ್ಬರನ್ನು ಕರೆತಂದಿದ್ದೇವೆ. ನೀವು ಅದನ್ನು ಜನಾದೇಶ ಎಂದು ಕರೆದು ಪಟಾಕಿ ಹೊಡೆದಿದ್ದೀರಿ.

ಹಾಗಾದರೆ ಕೊನೆಯ ಸಲ, 1985ರಲ್ಲಿ, ನಾವು ಆಳುವ ಪಕ್ಷವನ್ನು ಯಾಕೆ ಉಳಿಸಿಕೊಂಡೆವು? ಇದನ್ನು ನಿಮ್ಮ ಚುನಾವಣಾ ತಂತ್ರಜ್ಞರು ನಿಮಗೆ ಹೇಳಿಕೊಟ್ಟಂತೆ ಕಾಣುವುದಿಲ್ಲ.

1984ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಲೋಕಸಭಾ ಚುನಾವಣೆ ನಡೆಯಿತು. ರಾಜ್ಯದ 28 ಕ್ಷೇತ್ರಗಳಲ್ಲಿ ಕಾಂಗ್ರೆಸ್ 24 ಗೆದ್ದಿತು, ಇಲ್ಲಿ ಸರ್ಕಾರ ನಡೆಸುತ್ತಿದ್ದ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕು. ಲೋಕಸಭೆಯ ಸೋಲಿಗೂ ರಾಜ್ಯ ಸರ್ಕಾರದ ಉಳಿವಿಗೂ ಸಂವಿಧಾನದಲ್ಲಿ ಯಾವ ನಂಟೂ ಇಲ್ಲ. 1983ರಲ್ಲಿ 95 ಸ್ಥಾನ ಗೆದ್ದು ಹೊರಗಿನವರ ಬೆಂಬಲದಿಂದ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದ್ದ ರಾಮಕೃಷ್ಣ ಹೆಗಡೆಯವರು ಇನ್ನೂ ಮೂರು ವರ್ಷ ಕುರ್ಚಿಗೆ ಅಂಟಿಕೊಂಡಿರಬಹುದಿತ್ತು. ಆದರೆ ಅವರು ರಾಜೀನಾಮೆ ಕೊಟ್ಟರು. ಜನ ನಮ್ಮನ್ನು ತಿರಸ್ಕರಿಸಿದ್ದಾರೆ, ಮತ್ತೆ ಅವರ ಬಳಿಗೇ ಹೋಗುತ್ತೇವೆ ಎಂದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಜನ ಅದೇ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು.

ಆಗ ಮತದಾನದ ವಯಸ್ಸು 21. ನನಗೆ ಆಗಷ್ಟೇ ತುಂಬಿತ್ತು. ಡಿಸೆಂಬರ್‌ನಲ್ಲಿ ನಾನು ಮುದ್ರೆ ಒತ್ತಿದ್ದು ಹಸ್ತಕ್ಕೆ, ಮಾರ್ಚ್‌ನಲ್ಲಿ ನೇಗಿಲು ಹೊತ್ತ ರೈತನಿಗೆ. ನಮ್ಮ ಕೇರಿಯಲ್ಲಿ ಬಹುಪಾಲು ಜನ ಮಾಡಿದ್ದೂ ಅದನ್ನೇ. ಆ ಎರಡು ಚುನಾವಣೆಗಳ ನಡುವೆ ನಮ್ಮೂರಿಗೆ ಒಂದು ರಸ್ತೆಯೂ ಬಂದಿರಲಿಲ್ಲ, ಒಂದು ಕಂಬವೂ ನೆಟ್ಟಿರಲಿಲ್ಲ. ಮನುಷ್ಯನೊಬ್ಬ ಕೈಯಲ್ಲಿದ್ದ ಅಧಿಕಾರವನ್ನು ಕೆಳಗಿಟ್ಟು ಕೇಳಲು ಬಂದದ್ದಷ್ಟೇ ನಾವು ಕಂಡ ಬದಲಾವಣೆ.

ಅದೊಂದು ಲೆಕ್ಕಾಚಾರ ಎಂದು ನೀವು ಹೇಳಬಹುದು. ಆಗಲೂ ಹೇಳಿದ್ದರು. ಇರಬಹುದು, ಹೆಗಡೆಯವರು ಲೆಕ್ಕ ಬಾರದ ರಾಜಕಾರಣಿಯೇನೂ ಆಗಿರಲಿಲ್ಲ. ಆದರೆ ದೆಹಲಿಯಲ್ಲಿ ರಾಜೀವ್ ಗಾಂಧಿಯವರು ನಾಲ್ಕು ನೂರಕ್ಕೂ ಹೆಚ್ಚು ಸ್ಥಾನ ಗೆದ್ದು ಕೂತಿದ್ದ ತಿಂಗಳುಗಳು ಅವು. ಸೋಲುವ ಸಾಧ್ಯತೆ ನಿಜವಾಗಿತ್ತು. ಲೆಕ್ಕವೇ ಆಗಿದ್ದರೂ ಅದು ಜನರ ಮರ್ಯಾದೆಯ ಮೇಲೆ ಹಾಕಿದ ಲೆಕ್ಕ. ನೀವೂ ಅಂಥದ್ದೊಂದು ಲೆಕ್ಕ ಹಾಕಿ ನೋಡಿ, ನಾನು ಬೇಡ ಎನ್ನುವುದಿಲ್ಲ.

ಕಥೆ ಅಲ್ಲಿಗೆ ನಿಂತಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಚಾಟಿ ಬೀಸಿತು. ಹೆಗಡೆಯವರು ರಾಜೀನಾಮೆ ಕೊಟ್ಟರು, ಮತ್ತೆ ಹಿಂತೆಗೆದುಕೊಂಡರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಹಗರಣ ಬಂತು, ಆಗ ನಿಜವಾಗಿಯೂ ಇಳಿದರು. ನಂತರ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಬಂತು, ಪಕ್ಷದೊಳಗೆ ಕಚ್ಚಾಟ ಎದ್ದಿತು, ಪಕ್ಷ ಒಡೆಯಿತು, ಸರ್ಕಾರ ವಜಾ ಆಯಿತು. 1989ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 178, ಹೆಗಡೆಯವರಿದ್ದ ಜನತಾ ದಳಕ್ಕೆ 24. ನೈತಿಕತೆಯ ಹೆಸರಿನಲ್ಲಿ ಗೆದ್ದವರಿಗೆ ಒಂದು ಕಷ್ಟವಿದೆ: ಉಳಿದವರನ್ನು ಅಳೆಯುವ ಅಳತೆಯಲ್ಲಿ ಜನ ಅವರನ್ನು ಅಳೆಯುವುದಿಲ್ಲ. ಹೆಚ್ಚು ಕೊಟ್ಟವರು ಹೆಚ್ಚು ಕೇಳುತ್ತಾರೆ.

ಇಷ್ಟು ಓದಿದ ಮೇಲೆ, 'ಅಯ್ಯಾ, ಶುದ್ಧಹಸ್ತರನ್ನು ಹುಡುಕಿ ಟಿಕೆಟ್ ಕೊಡಿ ಎಂಬ ಹಳೆಯ ಪಲ್ಲವಿಯನ್ನೇ ಈತನೂ ಹಾಡುತ್ತಿದ್ದಾನೆ' ಎಂದು ನಿಮಗೆ ಅನ್ನಿಸಿರಬಹುದು. ನಾನು ಹೇಳುತ್ತಿರುವುದು ಅದಲ್ಲ. ಅದಕ್ಕಾಗಿ ಎಪ್ಪತ್ತರ ದಶಕದ ಮುಖ್ಯಮಂತ್ರಿ ದೇವರಾಜ ಅರಸರ ಹೆಸರನ್ನು ತೆಗೆಯುತ್ತೇನೆ.

ಅರಸರು ಸಂತರೇನಲ್ಲ. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿ, ವಾಜಪೇಯಿ, ಮಧು ದಂಡವತೆಯವರನ್ನು ಇಟ್ಟುಕೊಂಡಿದ್ದ ಬೆಂಗಳೂರಿನ ಜೈಲು ಅವರ ಸರ್ಕಾರದ ಕೈಯಲ್ಲಿತ್ತು. ಅವರ ಆಡಳಿತದ ಮೇಲಿನ ಭ್ರಷ್ಟಾಚಾರದ ಆರೋಪಗಳ ಬಗ್ಗೆ ಗ್ರೋವರ್ ಆಯೋಗದ ವಿಚಾರಣೆ ನಡೆಯಿತು. ರಾಜಕಾರಣಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿ ಹೋದಾಗ ಕರ್ನಾಟಕದಲ್ಲಿ 28ಕ್ಕೆ 26 ಗೆದ್ದಿತು, ಮರುವರ್ಷ ವಿಧಾನಸಭೆಯಲ್ಲಿ ಅರಸರ ಪಕ್ಷ 149 ಸ್ಥಾನ ತೆಗೆದುಕೊಂಡಿತು. ಇದಕ್ಕೆ ಕಾರಣವನ್ನು ಹುಡುಕಲು ನಮ್ಮ ಮಲೆನಾಡಿನವರು ದೂರ ಹೋಗಬೇಕಾಗಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಭೂ ನ್ಯಾಯಮಂಡಳಿಯ ಆದೇಶದ ಪ್ರತಿಯನ್ನು ತೆಗೆದು ನೋಡಿದರೆ ಸಾಕು.

ಆ ಆದೇಶದ ಹಿಂದಿನ ದಾರಿ ಬಹಳ ಉದ್ದ. ನನ್ನ ತಾಲ್ಲೂಕಿನ ಕಾಗೋಡು ಎಂಬ ಊರಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳದ ಮೂಲದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ತರುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಮಳೆಗಾಲದ ಕಷ್ಟಕ್ಕೆ ಭತ್ತ ಸಾಲ ಕೊಡುವಾಗ ಅಟ್ಟದಿಂದ ಇಳಿಯುತ್ತಿದ್ದದ್ದು ಬೇರೆ, ಸಣ್ಣ ಕೊಳಗ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಆ ದೀವರ ಸಮುದಾಯದ ಗೇಣಿದಾರರನ್ನು ಎದ್ದು ನಿಲ್ಲಿಸಿದ್ದರು. ಸಮಾಜವಾದಿ ಪಕ್ಷ ಅವರ ಪಕ್ಕಕ್ಕೆ ಬಂದು ನಿಂತಿತು. ಜೂನ್‌ನಲ್ಲಿ ಅದರ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಗದ್ದೆಗಿಳಿದ ಕಾರಣಕ್ಕೆ ಜನ ಸಾಲುಸಾಲಾಗಿ ಜೈಲಿಗೆ ಹೋದರು.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಮೂವತ್ತೂ ತುಂಬದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ನಮ್ಮ ಕ್ಷೇತ್ರದಿಂದ ನಿಂತರು. ಕೈಯಲ್ಲಿ ಕಾಸಿರಲಿಲ್ಲ. ಮತದ ಜೊತೆಗೆ ಒಂದು ನೋಟನ್ನೂ ಜನರಿಂದಲೇ ಕೇಳಿ ಪಡೆದು ಗೆದ್ದರು ಎಂದು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ಈ ಮಾತನ್ನು ನಿಮ್ಮ ಮುಂದೆ ಇಡುವಾಗ ನನಗೇ ನಗು ಬರುತ್ತದೆ. ಅಭ್ಯರ್ಥಿ ಮತದಾರನಿಗೆ ಹಣ ಕೊಡುವ ಕಾಲದಲ್ಲಿ, ಮತದಾರ ಅಭ್ಯರ್ಥಿಗೆ ಹಣ ಕೊಟ್ಟನೆಂದರೆ ನಂಬುವ ಮಕ್ಕಳು ಯಾರಿದ್ದಾರೆ? ಗೌಡರು 1957ರಲ್ಲಿ ಸೋತರು, ಆಮೇಲೆ ತೀರ್ಥಹಳ್ಳಿಯಿಂದ ಗೆದ್ದರು, 1972ರ ಜೂನ್‌ನಲ್ಲಿ ತೀರಿಕೊಂಡರು. ಯಾವ ಕಾನೂನಿಗಾಗಿ ಬದುಕನ್ನೆಲ್ಲ ಸವೆಸಿದ್ದರೋ ಅದನ್ನು ಅವರು ನೋಡಲಿಲ್ಲ.

ಇಲ್ಲೇ ನನ್ನ ಮಾತಿನ ಎರಡನೆಯ ಅರ್ಧ ಇದೆ. ಗೋಪಾಲಗೌಡರ ಬಳಿ ನಂಬಿಕೆ ಇತ್ತು, ಸಂಖ್ಯೆ ಇರಲಿಲ್ಲ. 1961ರ ಭೂಸುಧಾರಣಾ ಕಾಯ್ದೆ ಮಾಡಿದವರ ಬಳಿ ಸಂಖ್ಯೆ ಇತ್ತು, ಅದನ್ನು ಹರಿತಗೊಳಿಸುವ ಮನಸ್ಸಿರಲಿಲ್ಲ. ಎರಡೂ ಒಂದೇ ಕಡೆ ಸೇರಿದ್ದು 1974ರಲ್ಲಿ. ಆ ತಿದ್ದುಪಡಿಯಿಂದ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಏಳನೇ ನಂಬರಿನ ಫಾರಂ ತುಂಬಬೇಕಿತ್ತು, ನಮ್ಮ ಕಡೆ 'ಡಿಕ್ಲರೇಶನ್ ಕೊಡುವುದು' ಎನ್ನುತ್ತಿದ್ದರು. ತೀರ್ಮಾನ ಸಿವಿಲ್ ನ್ಯಾಯಾಲಯದ್ದಲ್ಲ, ತಾಲ್ಲೂಕಿನ ಭೂ ನ್ಯಾಯಮಂಡಳಿಯದ್ದು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ವಕೀಲರನ್ನು ಹೊರಗಿಟ್ಟ ಆ ಕಲಂ ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ನಿಜ. ಆದರೆ ಅದನ್ನು ಬರೆದವರಿಗೆ ಒಂದು ವಿಷಯ ಗೊತ್ತಿತ್ತು: ಪೇಟೆಯ ವಕೀಲನ ಫೀಸು ಕೊಡಲು ಒಡೆಯನಿಗೆ ಆಗುತ್ತದೆ, ಗೇಣಿದಾರನಿಗೆ ಆಗುವುದಿಲ್ಲ. ನಮ್ಮ ತಂದೆ ಆ ಮಂಡಳಿಯ ಮುಂದೆ ಯಾರ ಸಹಾಯವೂ ಇಲ್ಲದೆ ನಿಂತು ಮಾತನಾಡಿದರು. ಎರಡು ಎಕರೆ ಗದ್ದೆ ನಮ್ಮದಾಯಿತು.

ಅರಸರ ಪಕ್ಷದೊಳಗೇ ಭೂಮಾಲೀಕರಿದ್ದರು, ಅವರ ಮುನಿಸು ಬೇಕೆಂದು ಕಟ್ಟಿಕೊಂಡರು. ಹಿಂದುಳಿದ ವರ್ಗಗಳನ್ನು ಗುರುತಿಸಲು ಹಾವನೂರ ಆಯೋಗವನ್ನು 1972ರಲ್ಲಿ ನೇಮಿಸಿ, 1975ರಲ್ಲಿ ವರದಿ ಪಡೆದು, ಪ್ರಬಲರ ವಿರೋಧದ ನಡುವೆಯೇ ಜಾರಿಗೂ ತಂದರು. 2015ರಲ್ಲಿ ಮನೆಮನೆ ಸುತ್ತಿ ಮಾಡಿದ ಸಾಮಾಜಿಕ ಸಮೀಕ್ಷೆ ಹತ್ತು ವರ್ಷ ಕಪಾಟಿನಲ್ಲಿ ಕೂತು, ಕೊನೆಗೆ ಹೊಸದಾಗಿ ಎಣಿಸೋಣ ಎಂದು ತೀರ್ಮಾನವಾದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆ ಹತ್ತು ವರ್ಷಗಳಲ್ಲಿ ನೀವು ಮೂವರೂ ಯಾವುದಾದರೊಂದು ಕಾಲದಲ್ಲಿ ಅಧಿಕಾರದಲ್ಲಿದ್ದಿರಿ.

1980ರಲ್ಲಿ ಇದೇ ಅರಸರು ಇಂದಿರಾ ಅವರಿಂದ ಬೇರೆಯಾಗಿ ಲೋಕಸಭಾ ಚುನಾವಣೆಗೆ ಹೋದಾಗ ಜನ ಅವರ ಕೈಹಿಡಿಯಲಿಲ್ಲ. 28ರಲ್ಲಿ 27 ಇಂದಿರಾ ಕಾಂಗ್ರೆಸ್ ಪಾಲಾಯಿತು. ಭೂಮಿ ಪಡೆದವರೇ ಅರಸರನ್ನು ಸೋಲಿಸಿದರು. ಹಾಗಾಗಿ ನಿಲುವು ಇದ್ದರೆ ಗೆಲುವು ಖಾತ್ರಿ ಎಂದು ನಾನು ನಿಮಗೆ ಮಾತು ಕೊಡಲಾರೆ. ಆದರೆ 1980ರಲ್ಲಿ ಗೆದ್ದ ಆ 27 ಜನರ ಹೆಸರು ಹೇಳಲು ನಿಮ್ಮಲ್ಲಿ ಯಾರಿಗಾದರೂ ಸಾಧ್ಯವೇ? ಅರಸರ ಭಾವಚಿತ್ರ ಮಾತ್ರ ನಿಮ್ಮ ಹಿಂದುಳಿದ ವರ್ಗಗಳ ಸಮಾವೇಶಗಳ ವೇದಿಕೆಯಲ್ಲಿ ಇಂದಿಗೂ ಇರುತ್ತದೆ.

ಈಗ ನಿಮ್ಮ ವಿಷಯ. ಅದೇ 1974ರ ತಿದ್ದುಪಡಿಯಲ್ಲಿ 79ಎ ಮತ್ತು 79ಬಿ ಎಂಬ ಎರಡು ಕಲಂಗಳಿದ್ದವು. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು, ಕೃಷಿಕರಲ್ಲದವರು ಸಾಗುವಳಿ ಭೂಮಿ ಕೊಳ್ಳಬಾರದು ಎಂಬುದು ಅವುಗಳ ಸಾರ. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಹಾಕಿದ ಬೇಲಿ ಅದು. ಆ ಬೇಲಿಯ ವಿಷಯದಲ್ಲಿ ನೀವು ನಡೆದುಕೊಂಡ ರೀತಿ ನೋಡಿದರೆ ನನಗೆ ಕಾಗೋಡಿನ ಆ ಎರಡು ಕೊಳಗಗಳೇ ಕಾಣುತ್ತವೆ: ಅಧಿಕಾರದಲ್ಲಿದ್ದಾಗ ಒಂದು, ವಿರೋಧ ಪಕ್ಷದಲ್ಲಿದ್ದಾಗ ಇನ್ನೊಂದು.

2015ರಲ್ಲಿ ಕಾಂಗ್ರೆಸ್ ಸರ್ಕಾರ ಆ ಆದಾಯದ ಮಿತಿಯನ್ನು 2 ಲಕ್ಷ ರೂಪಾಯಿಯಿಂದ 25 ಲಕ್ಷಕ್ಕೆ ಏರಿಸಿತು. ಬೇಲಿಯಲ್ಲಿ ಲಾರಿ ಹೋಗುವಷ್ಟು ಕಂಡಿ ಬಿತ್ತು. 2020ರ ಜುಲೈನಲ್ಲಿ, ಕೊರೊನಾಕ್ಕೆ ಹೆದರಿ ಜನ ಮನೆಯಿಂದ ಹೊರಬರಲು ಅಂಜುತ್ತಿದ್ದಾಗ, ಬಿಜೆಪಿ ಸರ್ಕಾರ ಸುಗ್ರೀವಾಜ್ಞೆ ತಂದು ಬೇಲಿಯನ್ನೇ ಕಿತ್ತುಹಾಕಿತು. ಆಗ ಕಾಂಗ್ರೆಸ್‌ನವರಿಗೆ ಅರಸರ ನೆನಪು ಉಕ್ಕಿ ಬಂತು. ದಳದವರು ಮೊದಲು ರೈತರ ಪರ ಎಂದು ಗುಡುಗಿದರು, ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಮತಕ್ಕೆ ಬಂದಾಗ ಮಸೂದೆಯ ಪರ ಕೈ ಎತ್ತಿದರು. 2023ರಲ್ಲಿ ಕಾಂಗ್ರೆಸ್ 135 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂತು. ಕಿತ್ತ ಬೇಲಿ ಮಾತ್ರ ಮರಳಿ ಬರಲಿಲ್ಲ.

ಆ ಕಲಂಗಳನ್ನು ತೆಗೆದದ್ದು ಸರಿ ಎಂದು ವಾದಿಸಲು ಅವಕಾಶವಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಮಗನೇ ಬೆಂಗಳೂರಿನಲ್ಲಿದ್ದಾನೆ, ಗದ್ದೆಗೆ ಇಳಿಯುವ ಯೋಚನೆ ಅವನಿಗಿಲ್ಲ. ಕೊಳ್ಳುವವರು ಹೆಚ್ಚಾದರೆ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುವ ಮಾತಿನಲ್ಲಿ ಹುರುಳಿಲ್ಲ ಎಂದು ಹೇಗೆ ಹೇಳಲಿ? ಬಿಜೆಪಿಯವರೇ, ನಿಮಗೆ ಅದರಲ್ಲಿ ನಂಬಿಕೆ ಇದ್ದಿದ್ದರೆ ಊರೂರಿಗೆ ಬಂದು 'ನಾವು 1974ರ ಈ ಕಲಂಗಳನ್ನು ಇಂಥ ಕಾರಣಕ್ಕೆ ತೆಗೆಯುತ್ತೇವೆ' ಎಂದು ಎದೆಯೆತ್ತಿ ಹೇಳಿ ಮತ ಕೇಳಬೇಕಿತ್ತು. ನಾನು ಒಪ್ಪದಿರಬಹುದು, ಗೌರವಿಸುತ್ತಿದ್ದೆ. ಕಾಂಗ್ರೆಸ್‌ನವರೇ, ನಿಮಗೆ ವಿರುದ್ಧವಾದ ನಂಬಿಕೆ ಇದ್ದಿದ್ದರೆ 2023ರ ಮೊದಲ ಅಧಿವೇಶನದಲ್ಲೇ ಮಸೂದೆ ಬರಬೇಕಿತ್ತು. ಮೇಲ್ಮನೆಯಲ್ಲಿ ಸೋತಿದ್ದರೂ ಪರವಾಗಿರಲಿಲ್ಲ. ದಳದವರಿಗೆ ಏನು ಹೇಳಬೇಕೆಂದೇ ತೋಚುತ್ತಿಲ್ಲ. 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಕಾಂಗ್ರೆಸ್ ಜೊತೆ, 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಜೆಪಿ ಜೊತೆ. ಮಣ್ಣಿನ ಮಕ್ಕಳ ಪಕ್ಷ ಮಣ್ಣಿನ ಕಾನೂನಿನ ವಿಷಯದಲ್ಲಾದರೂ ಒಂದು ಕಡೆ ನಿಲ್ಲಬಹುದಿತ್ತು.

ಲೋಕಾಯುಕ್ತದ ಕಥೆಯೂ ಇಂಥದ್ದೇ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1984ರಲ್ಲಿ ಕಾಯ್ದೆ ಮಾಡಿದ್ದು ಹೆಗಡೆ ಸರ್ಕಾರ. 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಸ್ಥಾಪಿಸಿ ಅದರ ಹಲ್ಲು ಕಿತ್ತದ್ದು ಕಾಂಗ್ರೆಸ್. ಎಸಿಬಿ ರದ್ದು ಮಾಡಿ ಲೋಕಾಯುಕ್ತಕ್ಕೆ ಬಲ ತುಂಬುತ್ತೇವೆ ಎಂದು ಮಾತು ಕೊಟ್ಟದ್ದು ಬಿಜೆಪಿ. ಕೊನೆಗೂ 2022ರ ಆಗಸ್ಟ್‌ನಲ್ಲಿ ಎಸಿಬಿಯನ್ನು ರದ್ದು ಮಾಡಿದ್ದು ಹೈಕೋರ್ಟ್.

ನಿಮ್ಮ ಉತ್ತರ ನನಗೆ ಗೊತ್ತಿದೆ. 2019ನ್ನು ನನ್ನ ಮುಂದೆ ಹಿಡಿಯುತ್ತೀರಿ. ಮೈತ್ರಿ ಸರ್ಕಾರ ಬೀಳಿಸಿದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಮುಂದಿನ ತಿಂಗಳೇ ನಡೆದ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದಿತು. ಪಕ್ಷ ಬಿಟ್ಟು ಬಂದು ಬಿಜೆಪಿಯಿಂದ ನಿಂತ 13 ಜನರಲ್ಲಿ 11 ಮಂದಿ ಗೆದ್ದರು. 'ಜನರಿಗೇ ಬೇಡವಾದ ನೈತಿಕತೆ ನಮಗೆ ಯಾಕೆ?' ಎಂದು ನೀವು ಕೇಳುವುದು ಸಹಜ. 2023ರ ಚುನಾವಣೆಯಲ್ಲಿ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಉಡುಗೊರೆಗಳ ಮೊತ್ತ 375 ಕೋಟಿ ರೂಪಾಯಿ ದಾಟಿತ್ತು, 2018ಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ತೆಗೆದುಕೊಳ್ಳುವ ಕೈ ಇದ್ದದ್ದರಿಂದಲೇ ಕೊಡುವ ಕೈ ಚಾಚಿತು ಎನ್ನುತ್ತೀರಿ.

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಆ 15 ಕ್ಷೇತ್ರಗಳ ಮತದಾರರ ಮುಂದೆ ನೀವು ಯಾವ ಆಯ್ಕೆ ಇಟ್ಟಿರಿ? ಒಂದು ಕಡೆ ಗೆದ್ದರೆ ಮಂತ್ರಿಯಾಗುವ ಅಭ್ಯರ್ಥಿ, ಕ್ಷೇತ್ರಕ್ಕೆ ಅನುದಾನ. ಇನ್ನೊಂದು ಕಡೆ ಪಕ್ಷಾಂತರದ ವಿರುದ್ಧ ಭಾಷಣ ಮಾಡುತ್ತಿದ್ದವರು, ಅವರಲ್ಲೂ ನಿನ್ನೆಯಷ್ಟೇ ಬೇರೆ ಪಕ್ಷದಿಂದ ಬಂದವರು ಕಡಿಮೆ ಇರಲಿಲ್ಲ. ಎರಡೂ ಕಡೆ ವ್ಯಾಪಾರವೇ ಇದ್ದಾಗ ಮತದಾರ ಲಾಭದ ವ್ಯಾಪಾರವನ್ನು ಆರಿಸಿಕೊಂಡ. ಅವನು ಹುಷಾರಾಗಿದ್ದ ಅಷ್ಟೆ. ಆ ಲಾಭವೂ ಬಹಳ ಕಾಲ ಬಾಳಲಿಲ್ಲ. ಹಾಗೆ ಗೆದ್ದವರಲ್ಲಿ ಕೆಲವರು 2023ರಲ್ಲಿ ಸೋತರು, ಕೆಲವರು ಉಳಿದುಕೊಂಡರು. ಉಳಿದವರಲ್ಲಿ ಇಬ್ಬರನ್ನು 2025ರಲ್ಲಿ ಬಿಜೆಪಿಯೇ ಉಚ್ಚಾಟಿಸಿತು. ವಿಧಾನಸಭೆಯಲ್ಲಿ 1989ರಲ್ಲಿ ನಾಲ್ಕೇ ನಾಲ್ಕು ಸ್ಥಾನವಿದ್ದ ಕಾಲದಿಂದ ಬಾವುಟ ಹಿಡಿದು ಹಳ್ಳಿ ಸುತ್ತಿದ ಬಿಜೆಪಿ ಕಾರ್ಯಕರ್ತರನ್ನು ನಾನು ಬಲ್ಲೆ. ಅವರ ವಿಚಾರ ನನಗೆ ಒಗ್ಗದು, ಅವರ ತಾಳ್ಮೆಗೆ ತಲೆಬಾಗುತ್ತೇನೆ. 2008ರಲ್ಲಿ 110ಕ್ಕೆ ಬಂದು ನಿಂತಾಗ ಬೇಕಾಗಿದ್ದದ್ದು ಮೂರೇ ಸ್ಥಾನ. ಆ ಮೂರಕ್ಕಾಗಿ ಪಕ್ಷೇತರರನ್ನು ಮಂತ್ರಿ ಮಾಡಿ, ಅದೂ ಸಾಲದೆಂದು 'ಆಪರೇಷನ್ ಕಮಲ' ಎಂಬ ವಿದ್ಯೆಯನ್ನು ಕಲಿತು, ಆ ಕಾರ್ಯಕರ್ತರ ಎರಡು ದಶಕಗಳ ದುಡಿಮೆಯ ಮೇಲೆ ಯಾರನ್ನು ತಂದು ಕೂರಿಸಿದಿರಿ ಎಂದು ಅವರನ್ನೇ ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾರೆ.

ಒಂದು ಅಡ್ಡಮಾತು. ಮುಖ್ಯಮಂತ್ರಿಯಾಗಿದ್ದ ನಮ್ಮ ಜಿಲ್ಲೆಯ ಬಂಗಾರಪ್ಪನವರು ಪಕ್ಷ ಬದಲಿಸಿದ್ದನ್ನು ಎಣಿಸಲು ಒಂದು ಕೈಬೆರಳು ಸಾಲದು. ಆದರೂ ಜನ ವರ್ಷಗಟ್ಟಲೆ ಅವರ ಹಿಂದೆ ಹೋದರು. ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ಚಿಹ್ನೆ ಬದಲಾದರೂ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟ ಆ ಮನುಷ್ಯ ಯಾರ ಪರ ಎಂಬುದು ಜನರಿಗೆ ಅನುಮಾನವಿರಲಿಲ್ಲ. ಈಗ ಪಕ್ಷ ಬದಲಿಸುವವರು ಯಾರ ಪರ ಎಂದು ಅವರಿಗೇ ಗೊತ್ತಿರುವಂತೆ ಕಾಣುವುದಿಲ್ಲ.

ಗ್ಯಾರಂಟಿಗಳನ್ನು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ. ಶಕ್ತಿ ಯೋಜನೆಯ ಬಸ್ ಹತ್ತಿ ತವರಿಗೆ, ಆಸ್ಪತ್ರೆಗೆ ಹೋಗುವ ಹೆಂಗಸರನ್ನು ದಿನವೂ ನೋಡುತ್ತೇನೆ, ಯಾರನ್ನೂ ಕೇಳದೆ ಮನೆಯಿಂದ ಹೊರಡುವುದು ಸಣ್ಣ ಸಂಗತಿಯಲ್ಲ. ಅದನ್ನು 'ಬಿಟ್ಟಿ ಭಾಗ್ಯ' ಎಂದು ಜರೆದ ಬಿಜೆಪಿಯವರು ಮಧ್ಯಪ್ರದೇಶದಲ್ಲೂ ಮಹಾರಾಷ್ಟ್ರದಲ್ಲೂ ಹೆಂಗಸರ ಖಾತೆಗೆ ಹಣ ಹಾಕಿ ಗೆದ್ದರು. ಕಾಂಗ್ರೆಸ್‌ನವರೋ, ಪರಿಶಿಷ್ಟರ ಅಭಿವೃದ್ಧಿಗೆಂದೇ 2013ರಲ್ಲಿ ತಾವೇ ಕಾಯ್ದೆ ಮಾಡಿ ಮೀಸಲಿಟ್ಟ ಉಪಯೋಜನೆಯ ಹಣದಲ್ಲಿ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚನ್ನು 2023–24ರಲ್ಲಿ ಗ್ಯಾರಂಟಿಗಳ ಲೆಕ್ಕಕ್ಕೆ ಬರೆದರು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಅವರ ಸಮಜಾಯಿಷಿ. ಎಲ್ಲರಿಗೂ ಸಿಗುವುದನ್ನು ಇವರಿಗೂ ಕೊಟ್ಟು, ಅದನ್ನು ಇವರ ಪಾಲಿನಿಂದಲೇ ಕಳೆಯುವುದು ಯಾವ ನ್ಯಾಯ?

ಪಂಚಾಯಿತಿಯ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಹೆಗಡೆ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಇದ್ದರು. ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿ 'ನೀರು ಸಾಬ' ಎನ್ನಿಸಿಕೊಂಡವರು. ದೇಶದಲ್ಲಿ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವ ಎಷ್ಟೋ ವರ್ಷ ಮೊದಲೇ ಜಿಲ್ಲಾ ಪರಿಷತ್ತುಗಳ ಕಾನೂನು ತಂದು, ಹೆಂಗಸರಿಗೆ ಶೇ. 25 ಮೀಸಲಾತಿ ಇಟ್ಟು, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಶಾಸಕರ ಕೈಯಲ್ಲಿದ್ದ ಅಧಿಕಾರವನ್ನು ಶಾಸಕರಿಂದಲೇ ಮಸೂದೆ ಪಾಸು ಮಾಡಿಸಿ ಕೆಳಕ್ಕೆ ಇಳಿಸಿದರು. ಒಂದು ಪಕ್ಷಕ್ಕೆ ಇದಕ್ಕಿಂತ ಕಷ್ಟದ ಕೆಲಸ ನನಗೆ ಗೊತ್ತಿಲ್ಲ.

ಈಗ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನವೇ ಹೇಳುತ್ತದೆ. ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಟ್ಟಿತು. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರಕ್ಕೂ ಮೀಸಲಾತಿ ಪಟ್ಟಿ, ನ್ಯಾಯಾಲಯ, ವಿಂಗಡಣೆ ಎಂದು ಕಾರಣಗಳಿಗೆ ಬರವಿರಲಿಲ್ಲ. ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ನಿಜವಾದ ಕಾರಣ ಹಳ್ಳಿಯ ಚಹಾದಂಗಡಿಯಲ್ಲಿ ಕೂತವರಿಗೂ ಗೊತ್ತಿದೆ: ಜಿಲ್ಲಾ ಪಂಚಾಯಿತಿ ಸದಸ್ಯನೊಬ್ಬ ಇದ್ದರೆ ಗುದ್ದಲಿ ಪೂಜೆಯ ಕಲ್ಲಿನ ಮೇಲೆ ಶಾಸಕರ ಹೆಸರಿನ ಜೊತೆಗೆ ಇನ್ನೊಂದು ಹೆಸರು ಬರುತ್ತದೆ, ಮುಂದಿನ ಚುನಾವಣೆಗೆ ಇನ್ನೊಬ್ಬ ಆಕಾಂಕ್ಷಿ ಹುಟ್ಟುತ್ತಾನೆ. ಈ ಒಂದು ವಿಷಯದಲ್ಲಿ ನಿಮ್ಮ ಪಕ್ಷಗಳ ಶಾಸಕರೆಲ್ಲ ಒಂದೇ ಪಕ್ಷದವರು.

ಇದರಿಂದ ನಿಮಗೇ ಆಗುತ್ತಿರುವ ನಷ್ಟ ನಿಮಗೆ ಕಾಣುತ್ತಿಲ್ಲ. ಊರಿನ ಒಬ್ಬ ಹುಡುಗ ಅಥವಾ ಹುಡುಗಿ ರಾಜಕೀಯಕ್ಕೆ ಬರಬೇಕೆಂದರೆ ಹತ್ತುವ ಮೆಟ್ಟಿಲು ಅದು. ಅದನ್ನು ತೆಗೆದುಹಾಕಿದ ಮೇಲೆ ನಿಮ್ಮ ಬಳಿಗೆ ಬರುವವರು ಇಬ್ಬರೇ: ಅಪ್ಪನ ಹೆಸರು ಇರುವವರು, ಇಲ್ಲವೇ ಗಣಿ, ಕಾಲೇಜು, ಬಡಾವಣೆಗಳ ಹಣ ಇರುವವರು. ಬಾವುಟ ಕಟ್ಟಲು ಈಗ ದಿನಗೂಲಿಯವರನ್ನು ಕರೆಯಬೇಕಾಗಿದೆ. ಸಮಾವೇಶಕ್ಕೆ ಜನರನ್ನು ತರಲು ಬಸ್ಸು, ಊಟದ ಪೊಟ್ಟಣ, ತಲೆಗಿಷ್ಟು ಎಂಬ ಲೆಕ್ಕ ಬೇಕಾಗಿದೆ. ಅದೇ ಜನ ಮಧ್ಯಾಹ್ನ ಒಂದು ಪಕ್ಷದ ಶಾಲು ಹೊದ್ದು, ಮರುವಾರ ಇನ್ನೊಂದರದ್ದು ಹೊದ್ದು ಬರುವುದನ್ನು ನಿಮ್ಮ ಬೂತ್ ಏಜೆಂಟರೇ ನಗುತ್ತಾ ಹೇಳುತ್ತಾರೆ. 2023ರಲ್ಲಿ ರಾಜ್ಯದಲ್ಲಿ ಶೇ. 73ರಷ್ಟು ಮತದಾನವಾಯಿತು, ಬೆಂಗಳೂರಿನಲ್ಲಿ ಶೇ. 54ರ ಆಸುಪಾಸು. ನಗರದ ಜನ ಸೋಮಾರಿಗಳು ಎಂದು ಬೈಯುವುದು ಸುಲಭ. ಮತಗಟ್ಟೆಗೆ ಎಳೆದು ತರುವಂಥದ್ದು ನಿಮ್ಮ ಬಳಿ ಏನಿತ್ತು ಎಂದೂ ಕೇಳಿಕೊಳ್ಳಿ.

ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ಮುಂದಿನ ಪ್ರಣಾಳಿಕೆಯಲ್ಲಿ ನೂರು ಭರವಸೆ ಬೇಡ. ಇಂಥ ಒಂದು ವಿಷಯಕ್ಕಾಗಿ ನಾವು ಅಧಿಕಾರ ಕಳೆದುಕೊಳ್ಳಲೂ ಸಿದ್ಧ ಎಂಬ ಒಂದು ಪುಟ ಬರೆಯಿರಿ. ಅವಧಿಯ ನಡುವೆ ರಾಜೀನಾಮೆ ಕೊಟ್ಟು ಬಂದ ಶಾಸಕನಿಗೆ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ನಮ್ಮ ಪಕ್ಷದಲ್ಲಿ ಟಿಕೆಟ್ ಇಲ್ಲ ಎಂದು ಬರೆಯಿರಿ. ಅದಕ್ಕೆ ಕಾನೂನು ಬೇಕಾಗಿಲ್ಲ, ಸುಪ್ರೀಂ ಕೋರ್ಟ್ ಬೇಕಾಗಿಲ್ಲ, ನಿಮ್ಮ ಒಂದು ಸಹಿ ಸಾಕು. ಅದರಿಂದ ನೀವು ಒಂದು ಸರ್ಕಾರವನ್ನು ಕಳೆದುಕೊಳ್ಳಬಹುದು. ಕಳೆದುಕೊಂಡ ಮೇಲೆ ನಮ್ಮೂರಿಗೆ ಬನ್ನಿ, ಬಸ್ಸು ಮಾಡಬೇಡಿ, ಊಟದ ಪೊಟ್ಟಣ ತರಬೇಡಿ. ಎಷ್ಟು ಜನ ಸೇರುತ್ತಾರೆ ಎಂದು ನೋಡೋಣ.

ಈ ಪತ್ರಕ್ಕೆ ಉತ್ತರ ಕೊಡುವ ಮನಸ್ಸಿದ್ದರೆ ಸಾಮಾಜಿಕ ಜಾಲತಾಣದ ತಂಡದವರಿಂದ ಬರೆಸಬೇಡಿ, ಒಬ್ಬರ ಮೇಲೊಬ್ಬರು ದೂರುವುದೂ ಬೇಡ, ಅದನ್ನು ದಿನವೂ ಟಿವಿಯಲ್ಲಿ ಕೇಳುತ್ತಿದ್ದೇವೆ. ನಿಮ್ಮ ನಿಮ್ಮ ಪಕ್ಷದ ಮಟ್ಟಿಗೆ ಬರೆಯಿರಿ. ಕಾಂಗ್ರೆಸ್‌ನವರು 79ಬಿ ಕಲಂ ಯಾಕೆ ಮರಳಿ ಬರಲಿಲ್ಲ ಎಂಬಲ್ಲಿಂದ ಆರಂಭಿಸಬಹುದು, ಬಿಜೆಪಿಯವರು 2019ರ ಜುಲೈಯಿಂದ, ದಳದವರು 2020ರ ಡಿಸೆಂಬರ್‌ನಿಂದ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಮತದಾರ